ಡಾಲ್ಫಿನ್ ಮೂಗು ಹತ್ತಿದ ಅಶ್ವತ್ಥ

ಅಶ್ವತ್ಥ ಬಚ್ಚಲುಮನೆಯಲ್ಲಿ ಜಾರಿ ಬೀಳಲಿಲ್ಲ. ಬಿದ್ದೆನೆಂದು ಕೂಗಿಕೊಂಡ, ಅಷ್ಟೆ. ಕೂಗಿದ ಮೇಲೆ ಅದಕ್ಕೆ ತಕ್ಕಂತೆ ಒದ್ದೆ ನೆಲದ ಮೇಲೆ ಕಾಲು ಚಾಚಿ ಕುಳಿತ.

ಇದಕ್ಕೆಲ್ಲ ಕಾರಣ ಡಾಲ್ಫಿನ್ಸ್ ನೋಸ್. ವಿಶಾಖಪಟ್ಟಣದ ಬಂದರಿನ ಪಕ್ಕ ಸಮುದ್ರದೊಳಕ್ಕೆ ಮೂತಿ ಚಾಚಿ ನಿಂತ ಗುಡ್ಡ ಅದು. ಆ ಗುಡ್ಡವನ್ನೂ ಅದರ ನೆತ್ತಿಯ ದೀಪಸ್ತಂಭವನ್ನೂ ನೋಡದವರು ಅವರ ಬೀದಿಯಲ್ಲಿ ಇಬ್ಬರೇ: ತುಮಕೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಅಶ್ವತ್ಥ ಮತ್ತು ಅವನ ಹೆಂಡತಿ ಕಮಲಾಕ್ಷಿ.

"ಊರಿಗೆ ಹೋದ್ರೆ ಎಲ್ರೂ ಕೇಳ್ತಾರೆ ರೀ. ಈ ಭಾನುವಾರ ಹೋಗ್ಲೇಬೇಕು," ಎಂದು ಕಮಲಾಕ್ಷಿ ಹಟ ಹಿಡಿದಿದ್ದಳು. ಅಶ್ವತ್ಥನಿಗೋ ಎತ್ತರವೆಂದರೆ ಪ್ರಾಣಭಯ. ಬಲ್ಬು ಹಾಕಲು ಸ್ಟೂಲ್ ಹತ್ತಿದರೂ ಅಂಗಾಲು ಜುಮ್ಮೆನ್ನುತ್ತಿತ್ತು. ಕೈಹಿಡಿದ ಹೆಂಡತಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

"ಕಾಲು ಉಳುಕಿಬಿಟ್ಟಿದೆ ಕಣೇ. ಇವತ್ತು ಆಗಲ್ಲ," ಎಂದು ನರಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೂಗು ಕೆಳಮನೆಗೂ ಕೇಳಿಸಿತ್ತು. ಮನೆಯೊಡತಿ ಲಕ್ಷ್ಮೀಕಾಂತಮ್ಮ ಎಣ್ಣೆ ಬಟ್ಟಲು ಹಿಡಿದೇ ಮೇಲೆ ಬಂದರು. ಹಿಂದೆಯೇ ಬಾಗಿಲಷ್ಟು ಅಗಲದ ಗಂಡ ರಾಮಮೋಹನ್. ಈ ಬಾಡಿಗೆಯವರಿಗಾಗಿ ದಂಪತಿ ತೆಲುಗಿಗೆ ಒಂದಿಷ್ಟು ಕನ್ನಡ ಬೆರೆಸಿ ಮಾತಾಡುತ್ತಿದ್ದರು.

"ಅಯ್ಯಯ್ಯೋ, ಏಮಾಯ್ತಂಡಿ? ಯಾವ ಕಾಲು?"

ಅಶ್ವತ್ಥ ಗಾಬರಿಯಲ್ಲಿ ಬಲಗಾಲು ತೋರಿಸಿದ.

"ಈಗ ತಾನೇ ಎಡಗಾಲು ಹಿಡ್ಕೊಂಡಿದ್ರಲ್ಲ?" ಎಂದಳು ಕಮಲಾಕ್ಷಿ.

"ಎರಡೂ," ಎಂದ ಅಶ್ವತ್ಥ.

ಲಕ್ಷ್ಮೀಕಾಂತಮ್ಮ ಎರಡನ್ನೂ ಒಗೆದ ಪಂಚೆಯಂತೆ ಹಿಂಡಿದರು. ಬಲಗಾಲಿನ ಗಿಣ್ಣು ಕಟಕ್ಕೆಂದಿತು. ಅಶ್ವತ್ಥ ಮತ್ತೊಮ್ಮೆ ಕೂಗಿದ. ಈ ಸಲದ್ದು ನಿಜವಾದ ಕೂಗು.

"ಪರವಾಲೇದು!" ಎಂದರು ರಾಮಮೋಹನ್. "ನಮ್ಮ ಕಾರು ಗುಡ್ಡದ ಮೇಲಿನ ತನಕ ಹೋಗುತ್ತೆ, ನಡೆಯೋ ಮಾತೇ ಇಲ್ಲ. ನಾಲ್ಕೂ ಜನ ಹೋಗೋಣ. ಸಮುದ್ರದ ಗಾಳಿ ಬಿದ್ರೆ ನೋವೆಲ್ಲ ಮಾಯ!"

ಮಧ್ಯಾಹ್ನ ಹಳೆಯ ಫಿಯೆಟ್ ಏದುಸಿರು ಬಿಡುತ್ತ ಗುಡ್ಡ ಹತ್ತಿತು. ದೀಪಸ್ತಂಭದ ಬುಡ ತಲುಪಿದಾಗ ಅಶ್ವತ್ಥ ಸೀಟಿಗೆ ಅಂಟಿಕೊಂಡ. "ನಾನು ಇಲ್ಲೇ ಇರ್ತೀನಿ. ನೀವೆಲ್ಲ ನೋಡ್ಕೊಂಡು ಬನ್ನಿ."

"ಇಷ್ಟು ದೂರ ಬಂದು ಕೆಳಗೆ ಕೂರೋದಾ? ನಾನಿಲ್ವಾ ಬಾಬೂ!" ರಾಮಮೋಹನ್ ಬೆನ್ನು ಬಗ್ಗಿಸಿದರು. ಬೇಡ ಬೇಡವೆನ್ನುತ್ತಿದ್ದಂತೆಯೇ ಬ್ಯಾಂಕ್ ಅಧಿಕಾರಿ ಉಪ್ಪುಮೂಟೆಯಾಗಿ ಅವರ ಬೆನ್ನೇರಿದ. ಹೆಂಗಸರಿಬ್ಬರೂ ಹಿಂದೆಯೇ ಹೊರಟರು. ಸುತ್ತುಮೆಟ್ಟಿಲಿನ ತಿರುವು ತಿರುವಿಗೂ ಅವನ ತಲೆ ಗೋಡೆಗೆ ನಮಸ್ಕಾರ ಮಾಡಿತು. ಅವನು ಬಿಗಿಯಾಗಿ ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿದ.

ಮೇಲಿನ ಕಟಾಂಜನದ ಪಕ್ಕ ಅವನನ್ನು ಇಳಿಸಿ ರಾಮಮೋಹನ್, "ಕಣ್ಣು ಬಿಡಿ! ಆ ಹಡಗು ಚೂಡಂಡಿ, ಇರುವೆ ಥರ ಇದೆ!" ಎಂದರು.

ಅಶ್ವತ್ಥ ಕಣ್ಣು ಬಿಟ್ಟ. ಎಲ್ಲೋ ಪಾತಾಳದಲ್ಲಿ ಅಲೆಗಳು ಬಂಡೆಗೆ ಬಡಿದು ನೊರೆ ಕಾರುತ್ತಿದ್ದವು. ಇಡೀ ಬಂಗಾಳ ಕೊಲ್ಲಿ ತಟ್ಟೆಯಂತೆ ಒಂದು ಕಡೆಗೆ ವಾಲಿತು. ಆಮೇಲೆ ಏನಾಯಿತೆಂದು ಅವನಿಗೆ ನೆನಪಿಲ್ಲ. ನೆನಪು ಬಂದಾಗ ಅವನು ಕೆಳಗೆ, ಫಿಯೆಟ್ಟಿನ ಬಂಪರ್ ತಬ್ಬಿಕೊಂಡು ಕುಳಿತಿದ್ದ.

ಲಕ್ಷ್ಮೀಕಾಂತಮ್ಮ ಏದುತ್ತ ಇಳಿದು ಬಂದರು. "ಓಡಿದರು! ಎರಡೂ ಕಾಲಲ್ಲಿ ಓಡಿದರು! ನನ್ನ ಎಣ್ಣೆಯ ಗುಣ ನೋಡಿದಿರಾ?" ಸುತ್ತಲಿನ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ವಿಜಯವಾಡದಿಂದ ಬಂದಿದ್ದ ಮುದುಕರೊಬ್ಬರು ಅಲ್ಲೇ ಪಂಚೆ ಮೇಲೆತ್ತಿ ಆಕೆಗೆ ತಮ್ಮ ಮಂಡಿ ತೋರಿಸಿದರು.

ಅಶ್ವತ್ಥನ ಬಲಗಾಲು ಬನ್ನಿನಂತೆ ಊದಿಕೊಳ್ಳುತ್ತಿತ್ತು. ಈಗ ನೋವೆಂದರೆ ಎಣ್ಣೆಗೆ ಅವಮಾನ. ಹಲ್ಲು ಕಚ್ಚಿ ನಗುತ್ತ ಕಾರು ಹತ್ತಿದ.

ಹಿಂದಿನ ಸೀಟಿನಲ್ಲಿ ಕಮಲಾಕ್ಷಿ ಅವನತ್ತ ಬಾಗಿದಳು. "ನಿಮಗೆ ಎತ್ತರ ಅಂದ್ರೆ ಭಯ ಅಲ್ವಾ?"

ಅವನು ತಲೆ ತಗ್ಗಿಸಿದ. "ಹೂಂ. ನಗ್ತೀಯಾ ಅಂತ ಹೇಳ್ಲಿಲ್ಲ."

"ನಾನ್ಯಾಕೆ ನಗ್ಲಿ? ಮೇಲೆ ನಾನೂ ಲಕ್ಷ್ಮೀಕಾಂತಮ್ಮನವರ ಸೆರಗು ಹಿಡ್ಕೊಂಡು ಕಣ್ಮುಚ್ಕೊಂಡೇ ನಿಂತಿದ್ದೆ."

"ಮತ್ತೆ ಅಷ್ಟು ಹಟ ಯಾಕೆ ಮಾಡ್ದೆ?"

"ನಿಮಗೆ ನೋಡೋ ಆಸೆ ಇದೆ, ನನ್ನ ಪುಕ್ಕಲುತನ ಗೊತ್ತಾಗಿ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ ರೀ."

ಅಶ್ವತ್ಥ ಅವಳ ಕೈ ಹಿಡಿದುಕೊಂಡ. ಇನ್ನು ಈ ಜನ್ಮದಲ್ಲಿ ಎತ್ತರದ ಜಾಗದ ಸುದ್ದಿಯೇ ಬೇಡವೆಂದು ಇಬ್ಬರೂ ಪಿಸುಮಾತಿನಲ್ಲೇ ಒಪ್ಪಂದ ಮಾಡಿಕೊಂಡರು. ಬೆಳಗಿನಿಂದ ಮೊದಲ ಬಾರಿಗೆ ಅವನ ಎದೆ ಹಗುರಾಯಿತು.

ಆಗ ಮುಂದಿನ ಸೀಟಿನಿಂದ ಲಕ್ಷ್ಮೀಕಾಂತಮ್ಮ ತಿರುಗಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಬಾಬೂ, ಎಣ್ಣೆ ಹಚ್ಚುವಾಗಲೇ ನಾನು ಸಿಂಹಾಚಲ ಬೆಟ್ಟದ ಅಪ್ಪನ್ನ ದೇವರಿಗೆ ಹರಕೆ ಹೊತ್ತಿದ್ದೆ. ಸಂಜೆಯೊಳಗೆ ಕಾಲು ಸರಿಹೋದರೆ ಗಂಡ ಹೆಂಡತಿ ಇಬ್ಬರೂ ಬೆಟ್ಟದ ಮೆಟ್ಟಿಲು ಪೂರಾ ಹತ್ತಿ ಬರ್ತಾರೆ ಅಂತ. ನಾಳೆ ಹಬ್ಬ, ಬ್ಯಾಂಕಿಗೆ ಹೇಗೂ ರಜ!"

ರಾಮಮೋಹನ್ ಸ್ಟಿಯರಿಂಗ್ ತಿರುಗಿಸುತ್ತ ವಿಷಾದದಿಂದ ತಲೆಯಾಡಿಸಿದರು. "ನಾಳೆ ಮಾತ್ರ ನಾನು ಹೊತ್ಕೊಳ್ಳೋ ಹಾಗಿಲ್ಲ ಬಾಬೂ. ದೇವರ ಹರಕೆ ನೋಡಿ, ನೀವೇ ನಡೀಬೇಕು."