ಜಮಖಾನಿ ಕಾಣಬಾರದು

ಗೋಕಾಕದ ನಮ್ಮ ಗಲ್ಲಿಯೊಳಗ ಯಾವದರೆ ಕಾರ್ಯಕ್ರಮ ಇಟ್ಟಿವಿ ಅಂದ್ರ, ನಾವು ಇಟ್ಟದ್ದು ಒಂದು, ಆಗೂದು ಇನ್ನೊಂದು. ಯಾಕ ಹಂಗ ಅಂತ ನನ್ನ ಕೇಳಬ್ಯಾಡ್ರಿ. ಗಲ್ಲಿಯ ತರುಣ ಸಂಘಕ್ಕ ನಾನ ಸೆಕ್ರೆಟರಿ ಇದ್ದೆ, ನನಗ ಇನ್ನೂ ತಿಳಿದಿಲ್ಲ.

ಆಗಿನ್ನೂ ಸ್ವಾತಂತ್ರ್ಯ ಹೊಸಾದು. ದೇಶ ಸುಧಾರಣಾ ಮಾಡೂದು ದೊಡ್ಡವರ ಪಾಲಿಗೆ ಹೋಗಿತ್ತು, ಗಲ್ಲಿ ಸುಧಾರಣಾ ನಮ್ಮ ಪಾಲಿಗೆ ಬಂತು. ಹಗಲೆಲ್ಲಾ ಪ್ಯಾಟ್ಯಾಗ ಮಂದಿ ಅಂಗಿ ಹೊಲಿಯೂದು, ಸಂಜೀಕೆ ಮಂದಿನ್ನ ತಿದ್ದೂದು, ಇದು ನನ್ನ ಉದ್ಯೋಗ. ಸಂಘದ ಆಸ್ತಿ ಅಂದ್ರ ಒಂದ ಜಮಖಾನಿ. ಕೆಂಪು-ನೀಲಿ ಪಟ್ಟಿದು, ಪಡಸಾಲಿ ತುಂಬ ಹಾಸೂವಷ್ಟು ದೊಡ್ಡದು. ಪಡಸಾಲಿ ಮಾತ್ರ ನಮ್ಮದಲ್ಲ. ಅದು ಶೇಂಗಾ ಅಡತಿ ಯಜಮಾನರದು. ಗಲ್ಲಿಗೆಲ್ಲಾ ಅವರು ಕಾಕಾ. ದಿನಾ ಮುಂಜಾನೆ ಅಡತ್ಯಾಗ ನಿಂತು ಶೇಂಗಾ ಲೀಲಾವು, ಅಂದ್ರ ಹರಾಜು, ಮಾಡಾವರು. ಮೊದಲ ಚೀಲ ಬಿಚ್ಚಿ ಮಾಲು ತೋರಸೂದು, ಆಮ್ಯಾಲ ಕೂಗೂದು. ಮಾಲು ಕಾಣದ ಕೂಗಿದ್ರ ಅದು ವ್ಯಾಪಾರ ಅಲ್ಲ, ಮೋಸ ಅಂತಿದ್ರು.

ಒಂದಿನ ಕಾಕಾ ನನ್ನ ಕರದು ಹೇಳಿದ್ರು:

"ನೋಡೋ ಸೆಕ್ರೆಟರಿ, ನಿಮ್ಮ ಕಾರ್ಯಕ್ರಮಕ್ಕ ಬರೂ ಮಂದಿಕಿಂತ ಗುಬ್ಬಿ ಹೆಚ್ಚು. ನನಗ ಚೀಲಾ ಇಡಾಕ ಜಾಗಾ ಸಾಲವಲ್ದು. ಯುಗಾದಿ ಒಳಗ ಒಂದ ಒಂದು ಕಾರ್ಯಕ್ರಮಕ್ಕರೆ ಜಮಖಾನಿ ಕಾಣದಂಗ ಮಂದಿ ಕುಂತ್ರ ಪಡಸಾಲಿ ನಿಮಗ ಖಾಯಂ. ಇಲ್ಲಂದ್ರ ಶೇಂಗಾಕ್ಕ."

ಮನ್ಯಾಗ ಇದ್ದದ್ದು ಒಂದ ಖೋಲಿ, ಅದರಾಗ ಎಂಟು ಮಂದಿ. ಮನಷ್ಯಾ ಅನ್ನಾವ ಕಾಲು ಚಾಚಿ ನಾಕು ಮಾತಾಡಾಕ ಆ ಪಡಸಾಲಿ ಬಿಟ್ರ ನನಗ ಬ್ಯಾರೆ ಜಾಗಾ ಇರಲಿಲ್ಲ. ಅದು ಹೋದ್ರ ನಾ ಎಲ್ಲಿ ಹೋಗ್ಲಿ?

ಲಗೂ ಏಳೂದರ ಲಾಭ

ಮೊದಲ ಉಪಾಯ ಉಪನ್ಯಾಸ. ಹುಕ್ಕೇರಿಯಿಂದ ನಿವೃತ್ತ ಮಾಸ್ತರರೊಬ್ಬರನ್ನ ಕರಿಸಿದಿವಿ. ವಿಷಯ, 'ನಸುಕಿನ್ಯಾಗ ಏಳೂದರ ಲಾಭಗಳು.' ಮಂದಿ ಎಷ್ಟು ಬರತಾರ ಅನ್ನೂದು ನನಗ ಮೊದಲ ಗೊತ್ತಿತ್ತು ನೋಡ್ರಿ, ಅದಕ್ಕ ಜಮಖಾನಿ ಅರ್ಧಕ್ಕ ಮಡಚಿ ಹಾಸಿದೆ. ಬಂದವರು ಅರ್ಧದಾಗ ಒತ್ತಿ ಕುಂತ್ರು. ಪಡಸಾಲಿ ಭರ್ತಿ ಆದಂಗ ಕಾಣಸ್ತು. ನಾ ಮೀಸಿ ಮ್ಯಾಲೆ ಕೈ ಇಟ್ಟೆ.

ಭಾಷಣ ಅರ್ಧಾ ಆಗಿತ್ತು, ಕಾಕಾ ಬಂದ್ರು. ಬಗ್ಗಿ, ಮಡಚಿದ ಅಂಚು ಹಿಡದು ಸರ್ರ್ ಅಂತ ಬಿಚ್ಚಿ ಹಾಸಿಬಿಟ್ರು. ಅಷ್ಟ ಸಾಕಾತು ನಮ್ಮ ಮಂದಿಗೆ! ಅಗಲಾದ ಜಾಗಾ ಸಿಕ್ಕದ್ದ ತಡಾ, ಮೊದಲು ಕಾಲು ಚಾಚಿದ್ರು. ಆಮ್ಯಾಲ ಟೊಪಗಿ ತಲಿ ಬುಡಕ ಇಟ್ಕೊಂಡ್ರು. ಮಾಸ್ತರರು ಸೂರ್ಯೋದಯಕ್ಕ ಬರೂದರಾಗ ಎಲ್ಲಾರೂ ಮಲಗಿದ್ರು. ಜಮಖಾನಿ ಎಳಿ ಸೈತ ಕಾಣವಲ್ದು.

"ಕಾಕಾ, ನೋಡ್ರಿ, ತುಂಬೈತಿ!" ಅಂದೆ.

"ಕುಂದ್ರಬೇಕು ಅಂದಿದ್ದೆ, ಮಲಗಬೇಕು ಅಂದಿದ್ದಿಲ್ಲ," ಅಂದು ಕಾಕಾ ಹೋದ್ರು.

ನನಗ ಸಿಟ್ಟು ನೆತ್ತಿಗೇರಿ, ಒಬ್ಬಾವನ ಭುಜಾ ಹಿಡದು ಎಬ್ಬಸಾಕ ಹೋದೆ. ಮಾಸ್ತರರು ದನಿ ಸಣ್ಣದು ಮಾಡಿ, "ಬ್ಯಾಡ್ರಿ, ಎಬ್ಬಸಬ್ಯಾಡ್ರಿ. ಪಾಪ, ನಸುಕಿನ್ಯಾಗ ಲಗೂ ಏಳಬೇಕಲ್ಲಾ," ಅಂದ್ರು.

ಮೂಡಲಗಿಯ ಪೈಲವಾನ

ಭಾಷಣ ಅಂದ್ರ ನಿದ್ದಿ, ಕುಸ್ತಿ ಅಂದ್ರ ಎಚ್ಚರ. ಹಿಂಗ ವಿಚಾರ ಮಾಡಿ ಮೂಡಲಗಿ ಕಡಿಂದ ಒಬ್ಬ ಪೈಲವಾನನ್ನ ಕರಕೊಂಡು ಬಂದೆ. ಕುಸ್ತಿ ಅಲ್ರಿ, ಬರೇ ಡಾವು, ಅಂದ್ರ ಪಟ್ಟು, ತೋರಸೂದು, ಅದೂ ಪಡಸಾಲ್ಯಾಗ. ಪೈಲವಾನ ಬಂದವನ ಜಮಖಾನಿ ಮ್ಯಾಲೆ ಒಂದು ಕಾಲಿಟ್ಟು ನೋಡಿ ಹಿಂದ ಸರದ.

"ಬಟ್ಟಿ ಮ್ಯಾಲೆ ಡಾವು ಹಾಕಾಕ ನಾ ಏನು ಸಿಂಪಿಗ್ಯಾ ಏನ್ರಿ? ಮಣ್ಣು ಎಲ್ಲೈತಿ?"

ಸಿಂಪಿಗ್ಯಾ ಅಂದ್ರ ಹೊಲಿಯಾವ, ಅಂದ್ರ ನಾನ. ನುಂಗಿಕೊಂಡೆ. ಎಲ್ಲಾರೂ ಕೂಡಿ ಹಿತ್ತಲಕ್ಕ ಹೋದಿವಿ. ಅಬ್ಬಬ್ಬಾ, ಮಂದಿ ಅಂದ್ರ ಏನು ಮಂದಿ! ಗ್ವಾಡಿ ಮ್ಯಾಲೆ, ಗಿಡದ ಮ್ಯಾಲೆ, ಕಾಕಾರ ಚಕ್ಕಡಿ ಮ್ಯಾಲೆ. ಕಾಕಾ ಸೈತ ಮುಂದಿನ ಸಾಲಿನ್ಯಾಗ ಕುಂತು ಶಾಬಾಸ್ ಅಂತ ಒದರಾಕತ್ತಿದ್ರು. ಇದ ವ್ಯಾಳ್ಯಾ ಅಂತ ಬಾಜೂ ಹೋಗಿ ಕಿವ್ಯಾಗ ಅಂದೆ:

"ಕಾಕಾ, ಇಷ್ಟು ಮಂದಿ ಬಂದಾರ. ಜಮಖಾನಿ ಎಲ್ಲೆರೆ ಕಾಣಾಕತ್ತೈತೇನ್ರಿ?"

ಕಾಕಾ ಕಣ್ಣು ಪೈಲವಾನನ ಮ್ಯಾಲಿಂದ ತಗೀಲಿಲ್ಲ. "ಮಣ್ಣಾಗ ಕುಂತ ಮಂದಿ ನಿಮ್ಮ ಸಂಘದ್ದಲ್ಲೋ, ಭೂಮಿತಾಯಿದು. ಆಕಿಗೆ ಬೇಕಾದ್ರ ಪಡಸಾಲಿ ಕೊಡತೇನಿ."

ರೇಡಿಯೋದ ಸಂಜಿ

ಆಗ ಗಲ್ಲಿಗೆಲ್ಲಾ ಒಂದ ರೇಡಿಯೋ, ಬಳಿಗಾರ ಚಾಚಾನ ಮನ್ಯಾಗ. ಕೈಕಾಲು ಬಿದ್ದು ಬೇಡಿದೆ. ಚಾಚಾ ಅದನ್ನ ಬಾಣಂತಿ ಕೂಸಿನಂಗ ಕೌದ್ಯಾಗ ಸುತ್ತಿ ಎತ್ತಿಕೊಂಡು ಬಂದ. ಸಂಜೀಕೆ ಹಾಡು ಐತಿ ಅಂತ ಸುದ್ದಿ ಹಬ್ಬಿ, ಬೀಗರೂರಿಗೆ ಹೊಂಟವರು ಸೈತ ಬಸ್ಸು ಬಿಟ್ಟು ಬಂದು ಕುಂತ್ರು. ಜಮಖಾನಿ ಬರೇ ಒಂದು ಮೂಲ್ಯಾಗ ಅಂಗೈಯಷ್ಟು ಕಾಣತಿತ್ತು. ನಾನ ಹೋಗಿ ಅದರ ಮ್ಯಾಲೆ ಕುಂತೆ. ಕಾಕಾ ಬಾಗಲದಾಗ ನಿಂತು ಒಂದು ಸುತ್ತು ನೋಡಿದ್ರು, ಕೆಳಗ ಬಗ್ಗಿ ನೋಡಿದ್ರು, ತಲಿ ಕೆರಕೊಂಡ್ರು. ಇನ್ನೇನು "ಆತು" ಅನ್ನಬೇಕು, ಅಷ್ಟರಾಗ ಹಾಡು ಮುಗದು ಪ್ಯಾಟಿ ಧಾರಣಿ ಸುರು ಆತು. ಶೇಂಗಾ ಧಾರಣಿ ಏರೈತಿ ಅಂತ ಹೇಳಿದ್ದ ತಡಾ, ಅಡತಿಯವರು, ಹಮಾಲರು, ಮನ್ಯಾಗ ಒಂದು ಚೀಲ ಶೇಂಗಾ ಇದ್ದವರು, ಎಲ್ಲಾರೂ ಬಿದ್ದಂಬೀಳ ಎದ್ದು ಓಡಿದ್ರು. ಪಡಸಾಲ್ಯಾಗ ಉಳದವರು ನಾನು, ಚಾಚಾ, ರೇಡಿಯೋ.

ಎಲ್ಲಾರಕಿಂತ ಮುಂದ ಓಡಿದವರು ಕಾಕಾ. ಖರೆ, ಗಲ್ಲಿಯ ತಿರುವಿನ್ಯಾಗ ಒಂದ ಕ್ಷಣ ನಿಂತು, ಹೊರಳಿ ಒದರಿದ್ರು:

"ಸೆಕ್ರೆಟರೀ, ಜಮಖಾನಿ ಕಾಣಾಕತ್ತೈತಿ!"

ಕಡೀ ಸಭಾ

ಯುಗಾದಿ ನಾಳೆ ಅನ್ನೂ ಸಂಜಿ. ಕಾಕಾರ ಶೇಂಗಾ ಚೀಲ ಆಗಲೇ ಬಾಗಲಕ್ಕ ಬಂದು ನಿಂತಿದ್ದೂ. ನನಗ ಊಟ ರುಚಿ ಹತ್ತಿರಲಿಲ್ಲ. ಸಂಘ ಮುಚ್ಚೂ ಸಭಾ ಕರದೆ. ಅಧ್ಯಕ್ಷರು ಕಾಕಾ. ಕಾರ್ಯಕ್ರಮ ಎರಡ: ಅಧ್ಯಕ್ಷರಿಗೆ ಹಾರ, ಆಮ್ಯಾಲ ಜಮಖಾನಿ ಲೀಲಾವು. ಬಂದಷ್ಟು ಬರಲಿ, ಸಾಮಾನು ಮಾರಿ ಕೈ ತೊಳಕೊಳ್ಳೂದು ಅಂತ.

ಹೋಗಿ ನೋಡತೇನಿ, ಪಡಸಾಲ್ಯಾಗ ಇರವಿ ಹೋಗಾಕ ದಾರಿ ಇಲ್ಲ! ಸಂಘ ಇದ್ದಾಗ ಒಂದಿನ ಇಣಿಕಿ ನೋಡದವರು ಎಲ್ಲಾರೂ ಬಂದು ಜಮಖಾನಿ ಮ್ಯಾಲೆ ಗಟ್ಟಿ ಕುಂತಾರ. ಮಗಳ ಲಗ್ನ ಇದ್ದವರು, ತೊಟ್ಟಲದ ಕಾರ್ಯಾ ಇದ್ದವರು, ಕೌದಿ ಹರದವರು. ಮೊದಲ ಕುಂತಾವಂದ ಹಕ್ಕು ಅಂತ ಯಾವನೋ ಹೇಳಿದ್ನಂತ. ಒಬ್ಬ ಮುದುಕಿ ಅಂಚು ತನ್ನ ಸೀರಿ ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಕಾಕಾಗ ಹಾರ ಹಾಕಿದೆ. ನನ್ನ ಕಣ್ಣಾಗ ನೀರು ಬಂದಿದ್ದೂ ಖರೆ. ಕಾಕಾ ಕೆಮ್ಮಿ, ಅಡತ್ಯಾಗಿನ ದನಿ ತಗದ್ರು.

"ಮೊದಲ ಮಾಲು ನೋಡೂದು, ಆಮ್ಯಾಲ ಕೂಗೂದು. ಏಳ್ರಿ ಎಲ್ಲಾರೂ!"

ಯಾರೂ ಏಳವಲ್ರು. "ನಾ ಎದ್ರ ಬಾಜೂದಾವ ಸರದು ಕುಂದ್ರತಾನ್ರಿ," ಅಂದ ಒಬ್ಬ.

"ಒಂದೀಟು ಅಂಚರೆ ತೋರಸ್ರೋ!" ಅಂದ್ರು ಕಾಕಾ.

"ಮೊದಲ ಆ ಮುದುಕಿ ಏಳ್ಲಿ!"

"ನಾ ಸತ್ರೂ ಏಳೂದಿಲ್ಲ!" ಅಂದಳು ಮುದುಕಿ.

ಕಾಕಾ ಈ ಮೂಲಿಗೆ ಹೋದ್ರು, ಆ ಮೂಲಿಗೆ ಹೋದ್ರು, ಕುಂತವರ ಮೊಣಕಾಲು ಸರಿಸಿ ಇಣಿಕಿದ್ರು. ಕಡೀಕ ಬೆವರು ಒರಸಿಕೊಂಡು, ಗಲ್ಲಿಗೆಲ್ಲಾ ಕೇಳೂವಂಗ ಒದರಿದ್ರು:

"ಏನು ಮಾರ್ಲೋ ಹಾಳಾದವ್ನ? ಜಮಖಾನೀನ ಕಾಣವಲ್ದು!"

ಕಾಕಾರ ಶರ್ತು ಗಲ್ಲಿಗೆಲ್ಲಾ ಗೊತ್ತಿತ್ತು. ಕಾಕಾರ ಬಾಯಿ ತೆರದದ್ದು ತೆರದಂಗ ಉಳೀತು. ಆಮ್ಯಾಲ ಎಲ್ಲಿಂದೋ ಒಂದು ಚಪ್ಪಾಳಿ, ಅದರ ಹಿಂದ ನೂರು.

"ಇದೇನು ಕಾರ್ಯಕ್ರಮೇನೋ?" ಅಂದ್ರು ಕಾಕಾ, ದನಿ ಇಳದಿತ್ತು.

"ಹಾರ ಹಾಕಿಸಿಕೊಂಡೀರಲ್ರಿ ಕಾಕಾ," ಅಂದೆ.

ಕಾಕಾ ಕೊರಳಾಗಿನ ಹಾರ ಮುಟ್ಟಿ ನೋಡಿಕೊಂಡ್ರು, ತಮ್ಮ ಶೇಂಗಾ ಚೀಲದ ಮ್ಯಾಲೆ ಕುಂತ್ರು. "ಆತೋ ಮಾರಾಯಾ, ಪಡಸಾಲಿ ನಿಮ್ಮದು. ಲೀಲಾವು ಇಲ್ಲ."

ಲೀಲಾವು ಇಲ್ಲ ಅಂದದ್ದ ತಡಾ ಮಂದಿ ಧೂಳು ಝಾಡಿಸಿ ಎದ್ರು. ಮುದುಕಿ ಗಂಟು ಬಿಚ್ಚಿ, ಬೈಕೋಂತ ಹೋದಳು. ನಾ ಎಲಿ-ಅಡಿಕಿ ಉಗುಳಿ ಬರೂದರಾಗ ಪಡಸಾಲಿ ಖಾಲಿ. ಕೆಂಪು-ನೀಲಿ ಪಟ್ಟಿ ಈ ಗ್ವಾಡಿಯಿಂದ ಆ ಗ್ವಾಡೀತನಕ ಲಖ್ಖಂತ ಹೊಳ್ಯಾಕತ್ತಿತ್ತು. ಉಳದವರು ನಾನು, ಕಾಕಾ. ಕಾಕಾ ಒಮ್ಮೆ ಕೆಳಗ ನೋಡಿದ್ರ ಮಾತು ಮುರೀತಿತ್ತು.

ಕಾಕಾ ಮುಖಾ ಗ್ವಾಡಿ ಕಡೆ ಹೊರಳಿಸಿ ಕುಂತು, ಹಾರದಾಗಿನ ಹೂವ ಒಂದೊಂದ ಎಣಿಸೂವರಂಗ ಮಾಡಿ ಅಂದ್ರು:

"ಲಗೂ ಮಡಚಿ ಒಳಗ ಇಡೋ, ಹುಚ್ಚಪ್ಯಾಲಿ. ನಾ ಇನ್ನೂ ನೋಡಿಲ್ಲ."