ಹೂಂ ಅಂದ ಅಪರಾಧದ ಕುರಿತು ಕನ್ನಡ ಪರೀಕ್ಷಕರಿಗೆ

ಯಾದಗಿರಿ, ಜೂನ್ ೧೯೫೮

ಮಾನ್ಯರೇ,

ನಮ್ಮ ಕಿವಿಗಳನ್ನು ಪರೀಕ್ಷಿಸುವ ಏಕೈಕ ಉದ್ದೇಶದಿಂದ ಮೈಸೂರಿನಿಂದ ಇಷ್ಟು ದೂರ ರೈಲಿನಲ್ಲಿ ದಯಮಾಡಿಸುವ ತಮಗೆ, ತಾಲ್ಲೂಕು ಕಚೇರಿಯ ಗುಮಾಸ್ತ ಅಂಬ್ರಪ್ಪ ಮಾಡುವ ಅನಂತ ನಮಸ್ಕಾರಗಳು.

ನಿಜಾಮರ ಕಾಲದಲ್ಲಿ ಉರ್ದು ಕಲಿತು ನೌಕರಿ ಸೇರಿದ ನನ್ನಂಥವರಿಗೆ, ಹುಟ್ಟಿದಾಗಿನಿಂದ ಮನೆಯಲ್ಲಿ ಆಡುತ್ತಿರುವ ಕನ್ನಡ ಕೇಳಿದರೆ ತಿಳಿಯುತ್ತದೆಯೇ ಎಂಬ ಸಂಶಯ, ರಾಜ್ಯ ಒಂದಾದ ಮೇಲೆ ಸರ್ಕಾರಕ್ಕೆ ಬಂದದ್ದು ಸಹಜವೇ. ತಾವು ಓದಬೇಕು, ನಾವು ಕೇಳಿ ಉತ್ತರ ಬರೆಯಬೇಕು, ಮೂರು ಸಲ ತಪ್ಪಿದರೆ ನೌಕರಿ ಬಿಡಬೇಕು. ನಾನು ಎರಡು ಸಲ ತಪ್ಪಿದ್ದೇನೆ. ಬರುವ ಸೋಮವಾರ ಮೂರನೆಯದು.

ಮೊದಲ ಸಲ ನನ್ನ ತಯಾರಿಗೇನೂ ಕೊರತೆಯಿರಲಿಲ್ಲ. ಹಿಂದಿನ ದಿನವೇ ಕಿವಿಗೆ ಎಣ್ಣೆ ಬಿಟ್ಟುಕೊಂಡಿದ್ದೆ. ಮುಂದಿನ ಬೆಂಚು ಹಿಡಿದು, ಪ್ರಶ್ನೆಗಳನ್ನು ಮೊದಲೇ ಓದಿಕೊಂಡು, ಎಲ್ಲೆಲ್ಲಿ ಕಿವಿಗೊಡಬೇಕೆಂದು ಗುರುತು ಹಾಕಿಕೊಂಡಿದ್ದೆ. ತಾವು ಯಾವುದೋ ಹೂದೋಟದ ವರ್ಣನೆಯ ಮೊದಲ ವಾಕ್ಯ ಮುಗಿಸಿದಿರಿ. ನಾನು "ಹೂಂ" ಎಂದೆ. ಎರಡನೆಯದಕ್ಕೆ "ಹೌದ್ರಿ" ಎಂದೆ. ದೊಡ್ಡವರು ಹೇಳುವಾಗ ಸುಮ್ಮನೆ ಕೂರುವುದು ಎಂಥ ಅಮರ್ಯಾದೆ ಎಂಬುದು ಉಳಿದ ಹನ್ನೊಂದು ಮಂದಿಗೂ ಆಗ ನೆನಪಾಗಿ, ಮೂರನೆಯ ವಾಕ್ಯಕ್ಕೆ ಇಡೀ ಕೋಣೆಯೇ "ಹೂಂ" ಎಂದಿತು. ತಾವು ನನ್ನೊಬ್ಬನನ್ನು ಮಾತ್ರ ಹೊರಗೆ ಕಳಿಸಿದ್ದು ತಮ್ಮ ದೊಡ್ಡ ಗುಣ. ಮನೆಯಲ್ಲಿ ನಮ್ಮವ್ವ ಭೀಮಮ್ಮ, "ಹೂಂ ಅನ್ನಲಿಲ್ಲಂದ್ರ, ನೀ ಕೇಳಾಕತ್ತೀಯೋ ಮಕ್ಕೊಂಡೀಯೋ ಅಂತ ಆ ಸಾಹೇಬ್ರಿಗೆ ಹೆಂಗ ತಿಳೀಬೇಕು?" ಎಂದು ತಮ್ಮ ಕಷ್ಟವನ್ನೇ ಯೋಚಿಸಿದಳು.

ಎರಡನೆಯ ಸಲ, ಪಕ್ಕದ ಮೇಜಿನ ಅಲ್ಲಾಬಕ್ಷರ ಸಲಹೆಯಂತೆ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಂದೆ. ಬಾಯೇನೋ ಸುಮ್ಮನಿತ್ತು, ಕತ್ತು ಮಾತ್ರ ನನ್ನ ಮಾತು ಕೇಳಲಿಲ್ಲ. ವಾಕ್ಯಕ್ಕೊಮ್ಮೆ ಆಡಿದ ನನ್ನ ತಲೆ ಹಿಂದಿನ ಬೆಂಚಿಗೆ ಉತ್ತರ ರವಾನಿಸುತ್ತಿದೆ ಎಂದು ಕಂಡುಹಿಡಿದ ತಮ್ಮ ಚುರುಕು ಕಣ್ಣುಗಳನ್ನು ಎಷ್ಟು ಹೊಗಳಿದರೂ ಸಾಲದು.

ಆದಕಾರಣ ಸೋಮವಾರ ತಾವು ಗೋಡೆಯ ಆಚೆ ನಿಂತು ಓದಬೇಕೆಂದು ಪ್ರಾರ್ಥಿಸುತ್ತೇನೆ. ಅದಾಗದಿದ್ದರೆ, ನಮ್ಮೆಲ್ಲರ ಪರವಾಗಿ ಹೂಂಗುಟ್ಟಲು ಒಬ್ಬ ಸರ್ಕಾರಿ ನೌಕರನನ್ನು ನೇಮಿಸಬೇಕು. ಅದೂ ಆಗದಿದ್ದರೆ ತಮ್ಮ ಇಲಾಖೆಯ ಸುತ್ತೋಲೆಗಳನ್ನೇ ಓದಿರಿ. ಅವನ್ನು ಕೇಳಿ ಹೂಂ ಅನ್ನುವ ಮನಸ್ಸು ಈವರೆಗೆ ಯಾರಿಗೂ ಬಂದಿಲ್ಲ. ತಮಾಷೆ ಇರಲಿ, ನನಗೆ ನಿಜವಾಗಿಯೂ ಭಯವಾಗಿದೆ. ಹನ್ನೆರಡು ವರ್ಷದಿಂದ ಮಾಡಿಕೊಂಡು ಬಂದ ಈ ಒಂದು ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಸೋಮವಾರದವರೆಗಂತೂ,
ತಮ್ಮ ವಿಶ್ವಾಸಿ,
ಅಂಬ್ರಪ್ಪ

ತಾ.ಕ.: ನಮ್ಮ ಕಚೇರಿಗೆ ಹೊಸದಾಗಿ ಬಂದಿರುವ ಗುಮಾಸ್ತರು ತಮ್ಮಿಂದ ಪೂರ್ಣ ಅಂಕ ಪಡೆದವರು. ನಿನ್ನೆ ರಾಮಸಮುದ್ರದ ಕಲ್ಯಾಣಮ್ಮ, ತನ್ನ ಹೊಲದ ಬದು ಒತ್ತಿದವರ ಮೇಲಿನ ದೂರನ್ನು ಅವರ ಮುಂದೆ ಹೇಳತೊಡಗಿದಳು. ಅವರು ತುಟಿ ಬಿಚ್ಚದೆ, ತಲೆ ಅಲುಗಿಸದೆ, ತಾವು ಮೆಚ್ಚುವ ರೀತಿಯಲ್ಲೇ ಕೇಳಿದರು. ಆಕೆ ಅರ್ಧಕ್ಕೇ ನಿಲ್ಲಿಸಿ ನನ್ನ ಮೇಜಿಗೆ ಬಂದು, "ಆ ಸಾಹೇಬ್ರಿಗೆ ಕಿವಿ ಕೇಳ್ಸಂಗಿಲ್ಲ ಕಾಣ್ತದ, ನೀನರ ಕೇಳಪಾ" ಎಂದಳು. ನಾನು ಪೂರಾ ಕೇಳಿ ಅರ್ಜಿ ಬರೆದುಕೊಟ್ಟೆ. ಮಂಗಳವಾರ ಊರಿನ ಇನ್ನೂ ನಾಲ್ವರನ್ನು ಕರೆತರುವುದಾಗಿ ಹೇಳಿ ಹೋಗಿದ್ದಾಳೆ; ಅವರಿಗೆ ಯಾರ ಮೇಜು ತೋರಿಸಬೇಕೆಂದು ತಾವೇ ತಿಳಿಸಬೇಕು.