ಬಾಡಿಗೆ ಹಿರಿಯರು

ಶಾಂತಕುಮಾರನಿಗೆ ಹತ್ತೊಂಬತ್ತು ವರ್ಷ. ಅದು ಬಿಟ್ಟರೆ ಅವನು ಬೇರೆ ಯಾವ ಅಪರಾಧವನ್ನೂ ಮಾಡಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನು ಶಹಾಪುರದ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಅಕ್ಕ ಚಂದ್ರಕಲಾಳಿಗೆ ಏಳು ತಿಂಗಳು. ದೇವಾಪುರದಲ್ಲಿ, ಅವಳ ಗಂಡನ ಮನೆಯಲ್ಲಿ, ಇಂದು ಸಂಜೆ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ ಬರದೆ ಬಸುರಿಯನ್ನು ಕೂರಿಸುವಂತಿಲ್ಲ. "ಅಪ್ಪ ಇಲ್ಲದ ಮನಿ, ಯಾರು ತರ್ತಾರ ಬಿಡು" ಎಂದು ಅವಳ ಅತ್ತೆ ಆಗಲೇ ಎರಡು ಸಲ ಹಂಗಿಸಿದ್ದಳು. ಆ ಬಾಯಿ ಮುಚ್ಚಿಸಬೇಕೆಂದೇ ಶಾಂತಕುಮಾರ ನಾಲ್ಕು ತಿಂಗಳು ಕೂಡಿಟ್ಟ ರೊಕ್ಕವನ್ನು ಕಿಸೆಗೆ ಹಾಕಿಕೊಂಡು ಬೆಳಿಗ್ಗೆ ಹತ್ತಕ್ಕೆ ಪೇಟೆಗೆ ಬಂದ. ಮೂರು ಗಂಟೆಯ ಬಸ್ಸು ಹಿಡಿದರೆ ಸಾಕಿತ್ತು.

ಮೊದಲನೆಯ ಅಂಗಡಿಯವರು ಅವನನ್ನು ನೋಡುತ್ತಲೇ "ಕೆಲಸ ಖಾಲಿ ಇಲ್ಲ" ಎಂದರು. ಎರಡನೆಯವರು "ಹೆಣ್ಮಕ್ಕಳು ಅದಾರ, ಹೊರಗ ನಿಲ್ಲು" ಎಂದರು. ಹೆಣ್ಣುಮಕ್ಕಳು ಹೋದ ಮೇಲೆ ಊಟದ ಹೊತ್ತೆಂದು ಬಾಗಿಲು ಎಳೆದುಕೊಂಡರು. ಮೂರನೆಯದು ಪರಶುರಾಮ ಸಾವಕಾರರ ಅಂಗಡಿ.

"ಹಸರ ಸೀರಿ ತೋರಸ್ರಿ."

"ಯಾರಿಗೆ?"

"ಅಕ್ಕಗ್ರಿ. ಕುಬಸ ಅದ."

"ಎಲ್ಲಾರೂ ಅಕ್ಕಗೇ ಅಂತಾರ" ಎಂದರು ಸಾವಕಾರರು. "ಹೋದ ತಿಂಗಳು ನಿನ್ನಂಥಾಂವ ಒಬ್ಬ ಅಕ್ಕಗಂತ ಒಯ್ದ. ಅದನ್ನ ಉಡಿಸಿ ಹುಡುಗೀನ ಓಡಿಸ್ಕೊಂಡು ಹೋದ. ಹುಡುಗಿ ಮನಿಯವರು ಬಂದು ನನ್ನ ಬಾಗಲ ಗಾಜು ಒಡದ್ರು. ಹಿರೇರನ್ನ ಕರಕೊಂಡು ಬಾ."

"ರೊಕ್ಕ ತಂದೀನ್ರಿ."

"ಅದು ಎಲ್ಲಿಂದ ಬಂತು ಅನ್ನೂದು ಬ್ಯಾರೇ ಮಾತು."

ಮೀಸೆ ದಪ್ಪಗೆ ಬರುವ ತನಕ ಈ ಪೇಟೆಯಲ್ಲಿ ನೋಟಿಗೂ ಬೆಲೆಯಿಲ್ಲ ನೋಡಿ. ಶಾಂತಕುಮಾರ ಹಲ್ಲು ಕಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಹಿರಿಯರಿಗೆ ಅಲ್ಲೇನೂ ಬರವಿಲ್ಲ. ಬಿಳಿ ಧೋತರ, ರುಮಾಲು, ಕೈಯಲ್ಲಿ ಕೋಲು ಹಿಡಿದ ವೆಂಕಟಪ್ಪ ಎಂಬ ಮುದುಕ ವಡಗೇರಾ ಬಸ್ಸಿಗೆ ಕಾಯುತ್ತ ಕೂತಿದ್ದ.

"ಅಜ್ಜಾ, ಸೀರಿ ಅಂಗಡ್ಯಾಗ ನೀವು ಸುಮ್ನ ಕುಂತು ಹೂಂ ಅನ್ರಿ ಸಾಕು. ಮಿರ್ಚಿ ಭಜಿ, ಚಾ ಕೊಡಸ್ತೀನಿ."

"ನಲವತ್ತು ವರ್ಷ ಮನ್ಯಾಗ ಹೂಂ ಅಂದೀನಿ. ನಡಿ" ಎಂದ ಅಜ್ಜ, ಸಾವಕಾರರು ಅಂದದ್ದನ್ನೆಲ್ಲ ಹುಡುಗನ ಬಾಯಿಂದ ಕೇಳುತ್ತ ನಾಲ್ಕು ಮಿರ್ಚಿ ಮುಗಿಸಿ ಎದ್ದ.

ರುಮಾಲು ಹೊಸ್ತಿಲು ದಾಟಿದ್ದೇ ತಡ, ಅಂಗಡಿಗೆ ಅಂಗಡಿಯೇ ಬದಲಾಯಿತು. "ಬರ್ರಿ, ಬರ್ರಿ" ಎಂದು ಸಾವಕಾರರು ಅರ್ಧ ಎದ್ದರು. ಫ್ಯಾನು ಅಜ್ಜನ ಕಡೆ ತಿರುಗಿತು. ಒರಗಲು ಲೋಡು ಬಂತು, ಚಹಾ ಬಂತು. ಶಾಂತಕುಮಾರನಿಗೆ ಚಪ್ಪಲಿ ಬಿಡುವ ಜಾಗ ತೋರಿಸಿದರು. ಕಪಾಟಿನಲ್ಲಿ ಉಸಿರು ಹಿಡಿದು ಕೂತಿದ್ದ ಹಸಿರು ಸೀರೆಗಳೆಲ್ಲ ಗಾದಿಯ ಮೇಲೆ ಉರುಳಿದವು. ಅಜ್ಜ ಹನ್ನೊಂದು ಸೀರೆ ಬೇಡವೆಂದ. ಹನ್ನೆರಡನೆಯದು ಕೆಂಪು ಅಂಚಿನದು, ಶಾಂತಕುಮಾರ ದೂರದಿಂದಲೇ ಮನಸ್ಸಿನಲ್ಲಿ ಅಕ್ಕನಿಗೆ ಉಡಿಸಿಬಿಟ್ಟಿದ್ದ ಸೀರೆ. ಅಜ್ಜ ಅದರ ಮೇಲೆ ಕೈ ಇಟ್ಟ.

"ಹುಡುಗ ಮೊಮ್ಮಗನೇನ್ರಿ?" ಎಂದು ಸಾವಕಾರರು ಕೇಳಿದರು.

ಅಜ್ಜ ಹೂಂ ಅನ್ನಬೇಕಿದ್ದದ್ದು ಇಲ್ಲಿ. ಆದರೆ ಎರಡನೇ ಕಪ್ ಚಹಾ ಒಳಗಿಳಿದಿತ್ತು, ಬೆನ್ನಿಗೆ ಲೋಡು ಸಿಕ್ಕಿತ್ತು. ಮುದುಕ ನಿಜವಾಗಿಯೂ ಹಿರಿಯನಾಗಿಬಿಟ್ಟಿದ್ದ.

"ಏನೂ ಆಗಂಗಿಲ್ರಿ. ಬಸ್‌ಸ್ಟ್ಯಾಂಡಿನ್ಯಾಗ ಗಂಟುಬಿದ್ದ. ಈ ವಯಸ್ಸಿಗಿ ಇಷ್ಟು ರೊಕ್ಕ ಎಲ್ಲಿಂದು ಅಂತ ನಾನೂ ಅದನ್ನೇ ವಿಚಾರ ಮಾಡಾಕತ್ತೇನಿ."

"ಮಿಲ್ಲಿನ್ಯಾಗ ದುಡದೀನ್ರಿ, ಬೇಕಾದ್ರ ಕೇಳ್ರಿ" ಎಂದ ಶಾಂತಕುಮಾರ. ಯಾರೂ ಕೇಳಲಿಲ್ಲ. ಇಬ್ಬರು ಹಿರಿಯರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು.

"ಸೀರಿ ಮಾತ್ರ ಚಲೋ ಅದ" ಎಂದ ಅಜ್ಜ. "ನಮ್ಮ ಸೊಸಿಗಿ ಒಪ್ಪತದ. ಆದ್ರ ಕಿಸೇದಾಗ ಬಸ್ಸಿನ ರೊಕ್ಕ ಅಷ್ಟೇ ಅದ."

"ಅದಕ್ಕೇನ್ರಿ. ಮುಂದ ಬಂದಾಗ ಕೊಡ್ರಿ" ಎಂದರು ಸಾವಕಾರರು. ಮುದುಕನ ಊರು ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಸೀರೆ ಚೀಲಕ್ಕೆ ಹಾಕಿ ಶಾಂತಕುಮಾರನ ಕೈಗೆ ಕೊಟ್ಟರು. "ಲೇ ತಮ್ಮಾ, ಹಿರೇರನ್ನ ಬಸ್ಸಿನ ತನಕ ಮುಟ್ಟಿಸಿ ಬಾ. ಇದೊಂದರೆ ಚಲೋ ಕೆಲಸ ಮಾಡು."

ಚೀಲ ಕೈಗೆ ಬಂದಾಗ ಶಾಂತಕುಮಾರನಿಗೆ ಎಲ್ಲ ಹೊಳೆಯಿತು. ಎಂಥಾ ಪಾಕಡಾ ಮುದುಕ! ಸಾವಕಾರರಿಗೇ ಟೋಪಿ ಹಾಕಿ ಸೀರೆ ಕೊಡಿಸಿದನಲ್ಲ. ಅಂಗಡಿ ಮರೆಯಾಗುತ್ತಲೇ ಅವನು ನಗುತ್ತ ನೋಟು ಹೊರತೆಗೆದ.

"ಅಜ್ಜಾ, ಭಾಳ ಶಾಣ್ಯಾ ಅದೀರಿ. ತಗೋರಿ ಸೀರಿ ರೊಕ್ಕ. ಚಹಾಕ್ಕಂತ ಮ್ಯಾಲ ನೂರು."

ವೆಂಕಟಪ್ಪ ನಗಲಿಲ್ಲ. ಚೀಲ ಕಿತ್ತುಕೊಂಡು ಕಂಕುಳಿಗೆ ಸೇರಿಸಿದ.

"ನಿನಗ ಕೊಟ್ಟು ನಾಳಿ ಯಾರದರೆ ಮಗಳು ಓಡಿಹೋದ್ರ ಪಾಪ ನನಗ ಬರತದ. ಸಾಲಿ ಕಲಿ, ತಮ್ಮಾ" ಎಂದು ಉಪದೇಶ ಮಾಡಿ ವಡಗೇರಾ ಬಸ್ಸು ಹತ್ತಿದ. ಒಳಗೊಬ್ಬ ಎದ್ದು ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ.

ದೇವಾಪುರದ ಬಸ್ಸು ಹೊರಡಲು ಐದೇ ನಿಮಿಷವಿತ್ತು. ಫೋನು ರಿಂಗಾಯಿತು.

"ಎಲ್ಲಿದ್ದೀ ಶಾಂತೂ?" ಅಕ್ಕನ ದನಿ. "ಮುತ್ತೈದಿಯರು ಬರಾಕತ್ತಾರ. ಅತ್ತಿ ಬಾಗಲದಾಗ ಕುಂತಾಳ. ಸೀರಿ ತಗೊಂಡೀ ಹೌದಿಲ್ಲೋ?"

"ಕೊಡವಲ್ರು ಅಕ್ಕಾ. ಮೂರು ಅಂಗಡಿ ತಿರಗೀನಿ. ರೊಕ್ಕ ಕೈಯಾಗೇ ಅದ."

ಚಂದ್ರಕಲಾ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ರೊಕ್ಕ ಕೊಟ್ರ ಸೀರಿ ಕೊಡದ ಅಂಗಡಿ ಎಲ್ಲ್ಯರೆ ಅದ ಏನೋ? ನಾ ಬೈಯಂಗಿಲ್ಲ. ಖರೇ ಹೇಳು ತಮ್ಮಾ, ರೊಕ್ಕ ಏನು ಮಾಡಿದಿ?"